ನೆನೆದ ಪುಸ್ತಕ, ನೆನೆದ ಪತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಮತ್ತು ನೆರೆಯ ಬೆನ್ನಿಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಮನೆಗೆ ನೀರು ನುಗ್ಗಿ ಪುಸ್ತಕ, ಕಾಗದಪತ್ರ, ಫೋಟೊಗಳು ನೆನೆದಿವೆ, ಏನು ಮಾಡಬೇಕು ಎಂದು ಓದುಗರು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಘಟಪ್ರಭೆ ಉಕ್ಕಿ ನಮ್ಮ ಮನೆಯಲ್ಲಿ ಒಂದು ರಾತ್ರಿ ನೀರು ನಿಂತಿತ್ತು. ಪುಸ್ತಕದ ಕಪಾಟಿನ ಕೆಳಗಿನ ಎರಡು ಅಂತಸ್ತು ಪೂರ್ತಿ ನೆನೆದಿವೆ. ಕಾದಂಬರಿಗಳು, ನಿಘಂಟು, ಹಳೆಯ ವಿಶೇಷಾಂಕಗಳು ಮತ್ತು ನಮ್ಮ ಅಜ್ಜನವರ ಡೈರಿಗಳು ಅದರಲ್ಲಿವೆ. ಬಿಸಿಲು ಬಂದ ಕೂಡಲೇ ಮಾಳಿಗೆಯ ಮೇಲೆ ಹರವಬೇಕೆಂದಿದ್ದೇವೆ. ಇದು ಸರಿಯೇ? — ಓದುಗರೊಬ್ಬರು, ಗೋಕಾಕ

ಉತ್ತರ: ದಯವಿಟ್ಟು ಬಿಸಿಲಿಗೆ ಹಾಕಬೇಡಿ. ಬಿಸಿಲಿನಲ್ಲಿ ಪುಸ್ತಕದ ಹೊರಮೈ ಬೇಗ ಒಣಗುತ್ತದೆ, ಒಳಗಿನ ಹಾಳೆಗಳು ಹಸಿಯಾಗಿಯೇ ಉಳಿಯುತ್ತವೆ. ರಟ್ಟು ಸೊಟ್ಟಗಾಗುತ್ತದೆ, ಹಾಳೆ ಸುರುಳಿ ಸುತ್ತುತ್ತದೆ, ಒಳಗೆ ಉಳಿದ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಇಸ್ತ್ರಿ ಪೆಟ್ಟಿಗೆಯನ್ನಾಗಲಿ ಕೂದಲು ಒಣಗಿಸುವ ಯಂತ್ರವನ್ನಾಗಲಿ ಬಳಸುವುದು ಅದಕ್ಕಿಂತ ಕೆಟ್ಟದ್ದು. ನೆರೆಯ ನೀರಿನಿಂದ ಹಾಳಾದ ಪುಸ್ತಕಗಳಷ್ಟೇ ಅವಸರದ ಒಣಗಿಸುವಿಕೆಯಿಂದ ಹಾಳಾದವೂ ಇರುತ್ತವೆ ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಕೈಹಾಕುವ ಮೊದಲು ಮನೆಯ ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ನೋಡಿಕೊಳ್ಳಿ. ನೆರೆನೀರಿನಲ್ಲಿ ಚರಂಡಿಯ ನೀರೂ ಸೇರಿರುತ್ತದೆ, ಇಲಿಜ್ವರದ ಭಯವೂ ಇದೆ. ಆದ್ದರಿಂದ ರಬ್ಬರ್ ಕೈಗವಸು ಮತ್ತು ಮಾಸ್ಕ್ ಬೇಕೇ ಬೇಕು.

ನಮ್ಮ ಮಳೆಗಾಲದ ಹವೆಯಲ್ಲಿ ನೆನೆದ ಕಾಗದಕ್ಕೆ ಸುಮಾರು 48 ಗಂಟೆಯೊಳಗೆ ಬೂಷ್ಟು ಕಾಣಿಸಿಕೊಳ್ಳಬಹುದು. ಅಷ್ಟರೊಳಗೆ ಎಲ್ಲವನ್ನೂ ಒಣಗಿಸಿ ಮುಗಿಸಲು ಸಾಧ್ಯವಿಲ್ಲ, ಸಾಧ್ಯವಾಗಬೇಕಾಗಿಯೂ ಇಲ್ಲ. ಕೆಲವನ್ನು ಮಾತ್ರ ಒಣಗಿಸಲು ತೆಗೆದುಕೊಂಡು, ಉಳಿದವನ್ನು ಹೆಪ್ಪುಗಟ್ಟಿಸಿ ಇಡುವುದು ಗ್ರಂಥಾಲಯಗಳು ಅನುಸರಿಸುವ ಕ್ರಮ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೊ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಅಪಾರ ಗ್ರಂಥಗಳು ಕೆಸರಿನಲ್ಲಿ ಮುಳುಗಿದಾಗ ಈ ಕ್ರಮ ರೂಢಿಯಲ್ಲಿರಲಿಲ್ಲ. ಪುಸ್ತಕಗಳನ್ನು ತಂಬಾಕು ಒಣಗಿಸುವ ಗೂಡುಗಳಿಗೂ ಸಾಗಿಸಿ ಒಣಗಿಸಿದರು, ಅವುಗಳ ದುರಸ್ತಿ ದಶಕಗಳ ಕಾಲ ನಡೆಯಿತು. ನೆನೆದದ್ದನ್ನು ಮೊದಲು ಹೆಪ್ಪುಗಟ್ಟಿಸಿ ಕಾಲಾವಕಾಶ ಪಡೆಯುವ ಪದ್ಧತಿ ಆಮೇಲಿನ ವರ್ಷಗಳಲ್ಲಿ ಬಲಗೊಂಡಿತು. ಹೆಪ್ಪುಗಟ್ಟಿದ ಪುಸ್ತಕದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದಿಲ್ಲ, ಹಾಳೆಗಳು ಅಂಟಿಕೊಳ್ಳುವುದೂ ಅಲ್ಲಿಗೆ ನಿಲ್ಲುತ್ತದೆ.

ಮನೆಯಲ್ಲಿ ಇದನ್ನು ಮಾಡುವ ರೀತಿ ಹೀಗೆ. ಪ್ರತಿ ಪುಸ್ತಕವನ್ನೂ ಮುಚ್ಚಿದ ಸ್ಥಿತಿಯಲ್ಲಿಯೇ ಬಟರ್ ಪೇಪರಿನಲ್ಲಿ ಸುತ್ತಿ, ಪಾಲಿಥಿನ್ ಚೀಲಕ್ಕೆ ಹಾಕಿ, ಬೆನ್ನು ಕೆಳಮುಖವಾಗಿರುವಂತೆ ಫ್ರಿಜ್ಜಿನ ಫ್ರೀಜರಿನಲ್ಲಿ ಇಡಬೇಕು. ಬಟರ್ ಪೇಪರ್ ಇಲ್ಲದಿದ್ದರೆ ಒಂದಕ್ಕೊಂದು ಹೆಪ್ಪುಗಟ್ಟಿ ಕಚ್ಚಿಕೊಳ್ಳುತ್ತವೆ. ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಸಾಕು, ತಿಂಗಳುಗಟ್ಟಲೆ ಇಟ್ಟರೂ ಬಾಧಕವಿಲ್ಲ. ನಿಮ್ಮ ಫ್ರಿಜ್ಜೂ ನೀರಿಗೆ ಸಿಕ್ಕಿದ್ದರೆ, ನೀರು ಬಾರದ ಓಣಿಯ ನೆಂಟರನ್ನೋ ಐಸ್‌ಕ್ರೀಮ್ ಅಂಗಡಿಯವರನ್ನೋ ಡೀಪ್ ಫ್ರೀಜರಿನಲ್ಲಿ ಒಂದಿಷ್ಟು ಜಾಗ ಕೇಳಿ. ಚರಂಡಿಯ ನೀರು ತಾಗಿದ ವಸ್ತು ಎಂದು ಮೊದಲೇ ಹೇಳಿ, ಎರಡೆರಡು ಚೀಲ ಹಾಕಿ, ತಿನ್ನುವ ಪದಾರ್ಥ ಇಲ್ಲದ ಪೆಟ್ಟಿಗೆಯಲ್ಲಿ ಮಾತ್ರ ಇಡಿ. ಮೆಣಸಿನಕಾಯಿ ಇಡುವ ಶೀತಲಗೃಹ ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಅದು ಈ ಕೆಲಸಕ್ಕೆ ಬರುವುದಿಲ್ಲ.

ಯಾವುದನ್ನು ಮೊದಲು ಎತ್ತಿಕೊಳ್ಳಬೇಕು? ನಿಮ್ಮ ಪಟ್ಟಿಯಲ್ಲಿ ಅಜ್ಜನವರ ಡೈರಿಗಳು ಮೊದಲು, ಹಳೆಯ ವಿಶೇಷಾಂಕಗಳು ಆಮೇಲೆ. ಡೈರಿಗಳನ್ನು ಇಂಕ್ ಪೆನ್ನಿನಲ್ಲಿ ಬರೆದಿದ್ದರೆ ತೊಳೆಯಲು ಹೋಗಬೇಡಿ, ಒರೆಸಲೂಬೇಡಿ; ನೀಲಿ ಶಾಯಿ ಕಣ್ಣೆದುರಿಗೇ ಹರಡಿಹೋಗುತ್ತದೆ. ಬ್ಲೂ-ಬ್ಲ್ಯಾಕ್ ಶಾಯಿ ಸ್ವಲ್ಪ ತಾಳಿಕೊಳ್ಳುತ್ತದೆ, ಬಾಲ್ ಪೆನ್ನಿನ ಬರಹ ಇನ್ನೂ ಚೆನ್ನಾಗಿ ತಾಳುತ್ತದೆ. ಕೆಸರಿದ್ದರೂ ಇರಲಿ, ಹಾಗೆಯೇ ಸುತ್ತಿ ಫ್ರೀಜರಿಗೆ ಸೇರಿಸಿ. ವಿಶೇಷಾಂಕಗಳ ತೊಂದರೆ ಬೇರೆ. ಅವುಗಳ ನುಣುಪು ಕಾಗದಕ್ಕೆ ಬಿಳಿ ಜೇಡಿಯ ಲೇಪವಿರುತ್ತದೆ. ನೆನೆದಾಗ ಅದು ಮೆತ್ತಗಾಗಿ, ಒಣಗುವಾಗ ಹಾಳೆಗೆ ಹಾಳೆಯನ್ನು ಅಂಟಿಸಿಬಿಡುತ್ತದೆ. ಒಮ್ಮೆ ಹಾಗೆ ಒಣಗಿ ಇಟ್ಟಿಗೆಯಾದ ಸಂಚಿಕೆಯನ್ನು ಬಿಡಿಸುವ ಉಪಾಯ ಮನೆಮಟ್ಟದಲ್ಲಿ ಇಲ್ಲ. ಆದ್ದರಿಂದ ಹಸಿ ಇರುವಾಗಲೇ ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಡಬೇಕು, ಇಲ್ಲವೇ ಹಸಿಯಾಗಿಯೇ ಹೆಪ್ಪುಗಟ್ಟಿಸಬೇಕು. (ನಮ್ಮ ಪತ್ರಿಕೆಯ ಮುಖಪುಟಕ್ಕೂ ಈ ಮಾತು ಅನ್ವಯಿಸುತ್ತದೆ.)

ಸಾಮಾನ್ಯ ಕಾಗದದಲ್ಲಿ ಮುದ್ರಿಸಿದ ಕಾದಂಬರಿಗಳಿಗೆ ಕೆಸರು ಮೆತ್ತಿದ್ದರೆ, ಪುಸ್ತಕವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಹಿಡಿದು, ಒಂದು ಬಕೆಟ್ ಶುದ್ಧ ನೀರಿನಲ್ಲಿ ಅದ್ದಿ, ಹೊರಗಿನ ಕೆಸರನ್ನು ಸ್ಪಂಜಿನಿಂದ ಒತ್ತಿ ತೆಗೆಯಬಹುದು, ಉಜ್ಜಬಾರದು. ಉಳಿದ ಕೆಸರು ಒಣಗಿದ ಮೇಲೆ ಮೆದುವಾದ ಬ್ರಷ್ಷಿಗೆ ಸುಲಭವಾಗಿ ಉದುರುತ್ತದೆ.

ಇನ್ನು ಒಣಗಿಸುವ ಕೆಲಸ. ನೀರು ತೊಟ್ಟಿಕ್ಕುವ ಪುಸ್ತಕವನ್ನು ತೆರೆಯಬೇಡಿ, ಮೊದಲು ನಿಲ್ಲಿಸಿ ನೀರು ಇಳಿಯಲು ಬಿಡಿ. ಅನಂತರ ಇಪ್ಪತ್ತು, ಇಪ್ಪತ್ತೈದು ಹಾಳೆಗೊಂದರಂತೆ ಮುದ್ರಣವಿಲ್ಲದ ನ್ಯೂಸ್‌ಪ್ರಿಂಟ್ ಅಥವಾ ಅಡುಗೆಮನೆಯ ಟಿಶ್ಯೂ ಸೇರಿಸಿ. ಊರಿನ ಮುದ್ರಣಾಲಯದಲ್ಲಿ ಖಾಲಿ ನ್ಯೂಸ್‌ಪ್ರಿಂಟಿನ ತುಂಡುಗಳು ಸಿಗುತ್ತವೆ. ಓದಿದ ದಿನಪತ್ರಿಕೆಯ ಮಸಿ ಹಸಿಹಾಳೆಗೆ ಹತ್ತುತ್ತದೆ. ಹಾಗೆ ಸೇರಿಸಿದ ಕಾಗದ ಹೆಚ್ಚಾದರೆ ಪುಸ್ತಕದ ಬೆನ್ನು ಮುರಿಯುತ್ತದೆ, ಆದ್ದರಿಂದ ದಪ್ಪ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಬ್ಬಬಾರದು. ಮೊದಲ ದಿನ ಗಂಟೆಗೊಮ್ಮೆ ಅದನ್ನು ಬದಲಿಸಿದರೆ ಎಷ್ಟು ನೀರು ಹೊರಬರುತ್ತದೆಂದು ನಿಮಗೇ ಆಶ್ಚರ್ಯವಾದೀತು. ತೇವ ಅರ್ಧ ಇಳಿದ ಮೇಲೆ ಪುಸ್ತಕವನ್ನು ಸ್ವಲ್ಪವೇ ಬಿಡಿಸಿ ನಿಲ್ಲಿಸಿ, ಆಗಾಗ ತಲೆಕೆಳಗು ಮಾಡುತ್ತಿರಿ. ಕೋಣೆಯಲ್ಲಿ ಫ್ಯಾನು ತಿರುಗುತ್ತಿರಲಿ, ಆದರೆ ಗಾಳಿ ನೇರವಾಗಿ ಹಾಳೆಗೆ ಬಡಿಯುವುದು ಬೇಡ. ಒಣಗಿತೇ ಎಂದು ತಿಳಿಯಲು ನಡುವಿನ ಹಾಳೆಯನ್ನು ಕೆನ್ನೆಗೆ ತಾಗಿಸಿ ನೋಡಿ. ಬೆರಳಿಗೆ ಒಣಗಿದಂತೆ ಕಾಣುವ ಹಾಳೆ ಕೆನ್ನೆಗೆ ತಣ್ಣಗೆ ತಾಗಿದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಪೂರ್ತಿ ಒಣಗುವ ಹಂತದಲ್ಲಿ ಮಲಗಿಸಿ ಮೇಲೊಂದು ಹಲಗೆ, ಹಲಗೆಯ ಮೇಲೆ ಹಗುರ ಭಾರ ಇಡಿ.

ನಿಘಂಟು ಮತ್ತು ಕಾದಂಬರಿಗಳಲ್ಲಿ ಅಂಗಡಿಯಲ್ಲಿ ಮತ್ತೆ ಸಿಗುವಂಥವನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅವುಗಳ ಮೇಲೆ ಕಳೆಯುವ ಸಮಯವನ್ನು ಡೈರಿಗಳು ಕೇಳುತ್ತವೆ.

ಪ್ರಶ್ನೆ: ಬೀರುವಿನ ಕೆಳಗಿನ ಖಾನೆಯಲ್ಲಿದ್ದ ಮನೆಯ ಕ್ರಯಪತ್ರ, ಪಹಣಿ, ಮಕ್ಕಳ ಅಂಕಪಟ್ಟಿಗಳು, ಪಾಸ್‌ಪೋರ್ಟ್ ಎಲ್ಲವೂ ನೆನೆದಿವೆ. ಅಂಕಪಟ್ಟಿಗಳನ್ನು ಲ್ಯಾಮಿನೇಷನ್ ಮಾಡಿಸಿದ್ದೆವು, ಆದರೂ ಒಳಗೆ ನೀರು ಹೋಗಿದೆ. ಈ ಪತ್ರಗಳ ಬೆಲೆ ಹೋಯಿತೇ? — ಗೃಹಿಣಿ, ಬೆಂಗಳೂರು

ಉತ್ತರ: ಇಲ್ಲ. ನೀರು ಬಂದಾಗ ಜನ ಮೊದಲು ಎತ್ತಿಕೊಳ್ಳುವುದು ಕ್ರಯಪತ್ರದ ಕಡತವನ್ನು, ಕೊನೆಗೆ ನೆನಪಾಗುವುದು ಮನೆಯವರ ಹಳೆಯ ಕಾಗದಗಳು. ಮತ್ತೆ ಸಿಗುತ್ತದೆಯೇ ಎಂಬ ಲೆಕ್ಕದಲ್ಲಿ ನೋಡಿದರೆ ಈ ಕ್ರಮ ತಿರುಗುಮುರುಗಾಗಿದೆ. ನೋಂದಣಿಯಾದ ಕ್ರಯಪತ್ರದ ಪ್ರತಿ ಉಪನೋಂದಣಾಧಿಕಾರಿಯ ಕಚೇರಿಯ ದಾಖಲೆಯಲ್ಲಿದೆ. ಅದರ ದೃಢೀಕೃತ ನಕಲನ್ನೂ ಋಣಭಾರ ಪ್ರಮಾಣಪತ್ರವನ್ನೂ ಅರ್ಜಿ ಕೊಟ್ಟು ಪಡೆಯಬಹುದು, ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದ ಮೂಲಕವೂ ಕೇಳಬಹುದು. ಪಹಣಿ ಸರ್ಕಾರದ ‘ಭೂಮಿ’ ಎಂಬ ಕಂಪ್ಯೂಟರ್ ದಾಖಲೆ ವ್ಯವಸ್ಥೆಯಲ್ಲಿದೆ, ಅದನ್ನು ಒಣಗಿಸುವ ಶ್ರಮವೇ ಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಎರಡನೆಯ ಪ್ರತಿಯನ್ನು ಪರೀಕ್ಷಾ ಮಂಡಳಿ ಕೊಡುತ್ತದೆ, ಪದವಿಯದನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಪಾಸ್‌ಪೋರ್ಟ್ ಹಾನಿಗೊಂಡಿದೆ ಎಂಬ ಕಾರಣ ತೋರಿಸಿ ಮರುವಿತರಣೆಗೆ ಅರ್ಜಿ ಹಾಕಬೇಕು. ನೆನೆದು ಉಬ್ಬಿದ ಪಾಸ್‌ಪೋರ್ಟ್ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುವುದು ಬೇಡ.

ಆದರೂ ಮೂಲ ಪತ್ರವನ್ನು ಎಸೆಯಬಾರದು. ಅರ್ಧ ಅಳಿಸಿದ ಅಂಕಪಟ್ಟಿಯೂ ಎರಡನೆಯ ಪ್ರತಿ ಕೇಳುವಾಗ ಆಧಾರವಾಗುತ್ತದೆ, ಸಾಲ ಕೊಡುವ ಬ್ಯಾಂಕುಗಳಂತೂ ಮೂಲ ಕ್ರಯಪತ್ರವನ್ನೇ ಕೇಳುತ್ತವೆ. ಆದ್ದರಿಂದ ಮೊದಲ ಕೆಲಸವಾಗಿ, ಒದ್ದೆ ಇರುವಾಗಲೇ, ಪ್ರತಿ ಪುಟದ ಎರಡೂ ಬದಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಮುಂದೆ ಏನೇ ಆದರೂ ಚಿತ್ರದಲ್ಲಿ ಅಕ್ಷರ ಉಳಿದಿರುತ್ತದೆ.

ಒಂದಕ್ಕೊಂದು ಅಂಟಿದ ಬಿಡಿ ಹಾಳೆಗಳನ್ನು ಮೂಲೆ ಹಿಡಿದು ಎಳೆದರೆ ಹರಿಯುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಓಎಚ್‌ಪಿ ಹಾಳೆಯೊಂದನ್ನು ಕಟ್ಟಿನ ಮೇಲೆ ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿ. ಒದ್ದೆ ಕಾಗದ ಆ ಹಾಳೆಗೆ ಹತ್ತಿಕೊಳ್ಳುತ್ತದೆ. ಆಮೇಲೆ ಒಂದು ಮೂಲೆಯಿಂದ ನಿಧಾನವಾಗಿ ಎತ್ತಿದರೆ ಮೇಲಿನ ಕಾಗದ ಇಡಿಯಾಗಿ ಜೊತೆಗೆ ಬರುತ್ತದೆ. ಅದನ್ನು ಮಗುಚಿ ಹತ್ತಿಬಟ್ಟೆಯ ಮೇಲೆ ಹಾಸಿ, ಪಾರದರ್ಶಕ ಹಾಳೆಯನ್ನು ಬಿಡಿಸಿಕೊಂಡು, ಮುಂದಿನ ಕಾಗದಕ್ಕೆ ಹೋಗಿ. ಲೇಸರ್ ಪ್ರಿಂಟರಿನ ಮತ್ತು ಜೆರಾಕ್ಸಿನ ಅಕ್ಷರಗಳಿಗೆ ನೀರಿನಿಂದ ಅಷ್ಟಾಗಿ ಹಾನಿಯಿಲ್ಲ. ನೇರಳೆ ಬಣ್ಣದ ರಬ್ಬರ್ ಮೊಹರು, ಜೆಲ್ ಪೆನ್ನಿನ ಸಹಿ, ಇಂಕ್‌ಜೆಟ್ ಮುದ್ರಣ ಹರಡುವಂಥವು, ಅವುಗಳ ಮೇಲೆ ಏನನ್ನೂ ಉಜ್ಜಬೇಡಿ. ಛಾಪಾ ಕಾಗದದ ಮೇಲೆ ಉಬ್ಬುಮುದ್ರೆ ಇದ್ದರೆ ಆ ಭಾಗದ ಮೇಲೆ ಭಾರ ಇಡಬೇಡಿ, ಉಬ್ಬು ಚಪ್ಪಟೆಯಾಗಿಬಿಡುತ್ತದೆ.

ಲ್ಯಾಮಿನೇಷನ್ ಮಾಡಿದ ಅಂಕಪಟ್ಟಿಯ ಪ್ಲಾಸ್ಟಿಕ್ಕನ್ನು ಕಿತ್ತುಹಾಕಲು ಯತ್ನಿಸಬೇಡಿ. ಬಿಸಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ ಕಾಗದದ ಮೇಲ್ಪದರವನ್ನೂ ಅಕ್ಷರಗಳನ್ನೂ ಹಿಡಿದುಕೊಂಡೇ ಬರುತ್ತದೆ. ಕಾಗದವಿಲ್ಲದ ಪ್ಲಾಸ್ಟಿಕ್ ಅಂಚನ್ನು ಕತ್ತರಿಯಿಂದ ಎಳೆಯಷ್ಟು ಕತ್ತರಿಸಿದರೆ ಒಳಗಿನ ತೇವ ಹೊರಬರಲು ದಾರಿಯಾಗುತ್ತದೆ, ಅಷ್ಟೇ ಮಾಡಿ. ಮುಂದೆ ಮೂಲ ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸುವುದನ್ನೇ ಬಿಡುವುದು ಒಳ್ಳೆಯದು.

ಪ್ರಶ್ನೆ: ಮದುವೆಯ ಆಲ್ಬಮ್ ಮತ್ತು ಗೋಡೆಯ ಮೇಲಿದ್ದ ತಂದೆಯವರ ಫೋಟೊ ನೆನೆದಿವೆ. ಫೋಟೊ ಕಟ್ಟಿನ ಗಾಜಿಗೆ ಅಂಟಿಕೊಂಡಂತೆ ಕಾಣುತ್ತದೆ. ಬಿಡಿಸಲು ಹೋದರೆ ಮುಖವೇ ಕಿತ್ತುಬಂದೀತೆಂಬ ಭಯ. — ಓದುಗರು, ಮಡಿಕೇರಿ

ಉತ್ತರ: ನಿಮ್ಮ ಭಯ ಸರಿಯಾದದ್ದೇ. ಸ್ಟುಡಿಯೊದಲ್ಲಿ ತೊಳೆದ ಫೋಟೊದ ಚಿತ್ರ ಇರುವುದು ಜೆಲಾಟಿನ್ ಪದರದಲ್ಲಿ. ನೆನೆದಾಗ ಆ ಪದರ ಮೆತ್ತಗಾಗುತ್ತದೆ, ತಾಗಿದ್ದಕ್ಕೆ ಅಂಟಿಕೊಂಡು ಹಾಗೆಯೇ ಒಣಗುತ್ತದೆ. ಆದ್ದರಿಂದ ಪುಸ್ತಕಕ್ಕೆ ಹೇಳಿದ ಮಾತು ಇಲ್ಲಿ ತಿರುಗುತ್ತದೆ: ಅಂಟಿದ ಫೋಟೊಗಳನ್ನು ಒಣಗಲು ಬಿಡಬೇಡಿ, ಶುದ್ಧವಾದ ತಣ್ಣೀರಿನಲ್ಲಿಯೇ ಇಡಿ. ತಂದೆಯವರ ಫೋಟೊ ಇನ್ನೂ ಒದ್ದೆಯಾಗಿದ್ದರೆ, ಕಟ್ಟನ್ನು ಹಿಂಬದಿಯಿಂದ ಬಿಚ್ಚಿ, ಗಾಜು ಫೋಟೊ ಎರಡನ್ನೂ ಒಟ್ಟಿಗೇ ಅಗಲವಾದ ತಟ್ಟೆಯ ನೀರಿನಲ್ಲಿ ಮುಳುಗಿಸಿ ಕಾಯಿರಿ. ತಾನಾಗಿ ಬಿಟ್ಟುಕೊಂಡರೆ ಸರಿ, ಬೆರಳಿನಿಂದ ಎಬ್ಬಿಸಬೇಡಿ. ಈಗಾಗಲೇ ಒಣಗಿ ಗಾಜಿಗೆ ಕಚ್ಚಿಕೊಂಡಿದ್ದರೆ ಅದನ್ನು ಮುಟ್ಟದೆ, ಗಾಜಿನ ಮೇಲಿನಿಂದಲೇ ಸ್ಕ್ಯಾನ್ ಮಾಡಿಸಿ. ಆ ಸ್ಕ್ಯಾನಿನಿಂದ ಒಳ್ಳೆಯ ಸ್ಟುಡಿಯೊದವರು ಹೊಸ ಪ್ರತಿ ತೆಗೆದುಕೊಡಬಲ್ಲರು, ಮೂಲ ಗಾಜಿನ ಜೊತೆಗೇ ಉಳಿಯಲಿ.

ಆಲ್ಬಮ್ಮಿನ ಪ್ಲಾಸ್ಟಿಕ್ ಹೊದಿಕೆಯ ಕೆಳಗಿರುವ ಫೋಟೊಗಳನ್ನೂ ಹೀಗೆಯೇ ನೀರಿನಲ್ಲಿ ಬಿಡಿಸಿ, ನೀರು ಬದಲಿಸಿ ಜಾಲಾಡಿ, ಚಿತ್ರ ಮೇಲ್ಮುಖವಾಗಿ ಹರವಿ ಅಥವಾ ಮೂಲೆಗೆ ಬಟ್ಟೆಯ ಕ್ಲಿಪ್ ಹಾಕಿ ನೆರಳಿನಲ್ಲಿ ದಾರಕ್ಕೆ ತೂಗುಹಾಕಿ. ಚಿತ್ರದ ಮೇಲೆ ಬೆರಳಾಗಲಿ ಬಟ್ಟೆಯಾಗಲಿ ತಾಗಬಾರದು. ನೀರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ಬಣ್ಣದ ಫೋಟೊಗಳನ್ನಂತೂ ಆದಷ್ಟು ಬೇಗ ಹೊರತೆಗೆಯಬೇಕು. ಕಂಪ್ಯೂಟರಿನ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದ ಫೋಟೊಗಳಿಗೆ ಈ ಸ್ನಾನ ಬೇಡ, ಬಣ್ಣವೆಲ್ಲ ನೀರಿಗೆ ಹೋಗುತ್ತದೆ. ನೆಗೆಟಿವ್‌ಗಳು ಉಳಿದಿವೆಯೇ ಎಂದು ಮೊದಲು ಹುಡುಕಿ. ಅವು ಸಿಕ್ಕರೆ ಅವುಗಳಿಗೇ ಆದ್ಯತೆ.

ಪ್ರಶ್ನೆ: ನೀರು ಇಳಿದು ಹದಿನೈದು ದಿನವಾಯಿತು. ಪುಸ್ತಕಗಳ ಮೇಲೆ ಬಿಳಿ ಮತ್ತು ಹಸಿರು ಬೂಷ್ಟು ಬಂದಿದೆ, ಕೋಣೆಯಲ್ಲಿ ವಾಸನೆ ತಡೆಯಲಾಗದು. ನುಸಿಗುಳಿಗೆ, ಬೇವಿನೆಲೆ ಇಟ್ಟಿದ್ದೇವೆ. ಡೆಟಾಲ್ ಹಾಕಿ ಒರೆಸಬಹುದೇ? — ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಒರೆಸಬೇಡಿ. ಹಸಿ ಬೂಷ್ಟನ್ನು ಒರೆಸಿದರೆ ಅದು ಕಾಗದದ ಎಳೆಯೊಳಗೆ ಇಳಿದು ಕಲೆಯಾಗಿ ನಿಲ್ಲುತ್ತದೆ. ಡೆಟಾಲ್, ಫಿನಾಯಿಲ್ ಎರಡೂ ಕಾಗದಕ್ಕೆ ಮತ್ತಷ್ಟು ತೇವವನ್ನೂ ಕಲೆಯನ್ನೂ ಕೊಡುತ್ತವೆ. ನುಸಿಗುಳಿಗೆ ಕೀಟಗಳನ್ನು ದೂರವಿಡುತ್ತದೆಯೇ ಹೊರತು ಬೂಷ್ಟನ್ನು ನಿಲ್ಲಿಸುವುದಿಲ್ಲ. ಹಸಿ ಬೇವಿನೆಲೆ ತನ್ನದೇ ತೇವವನ್ನು ಕಪಾಟಿನೊಳಕ್ಕೆ ತರುತ್ತದೆ. ಹಿರಿಯರು ಇಡುತ್ತಿದ್ದದ್ದು ಒಣಗಿದ ಎಲೆ, ಅದೂ ಹುಳುವಿಗಾಗಿ.

ಗಾಳಿಯ ತೇವಾಂಶ ಸುಮಾರು 65 ಶೇಕಡಕ್ಕಿಂತ ಕೆಳಗಿದ್ದರೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಿಟಕಿ ತೆರೆದ ಕೋಣೆಯಲ್ಲಿ ಇದು ಆಗದ ಮಾತು. ಏಸಿ ಇರುವ ಕೋಣೆಯೊಂದಿದ್ದರೆ ಪುಸ್ತಕಗಳನ್ನು ಅಲ್ಲಿಗೆ ಸಾಗಿಸಿ, ಡ್ರೈ ಎಂಬ ಸ್ಥಿತಿಯಲ್ಲಿಟ್ಟು, ಬಾಗಿಲು ಮುಚ್ಚಿ ಒಣಗಿಸಿ. ಬೂಷ್ಟು ಹಿಡಿಯದ ಪುಸ್ತಕಗಳು ಅದೇ ಕೋಣೆಯಲ್ಲಿರಬಾರದು, ಮನೆಯವರು ಮಲಗುವುದೂ ಬೇಡ. ಪೂರ್ತಿ ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಆಗ ಎನ್-95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿ, ಮೆದುವಾದ ಬ್ರಷ್ಷಿನಿಂದ ನಿಮ್ಮಿಂದ ದೂರಕ್ಕೆ ಗುಡಿಸಿ. ದಮ್ಮು, ಅಲರ್ಜಿ ಇರುವವರು ಈ ಕೆಲಸಕ್ಕೆ ಬೇಡ. ತಾವು ಶಿಕ್ಷಕರಾಗಿದ್ದವರು, ಸೀಮೆಸುಣ್ಣದ ಧೂಳು ಕುಡಿದ ಶ್ವಾಸಕೋಶಕ್ಕೆ ಇದೂ ಬೇಕೇ ಎಂದು ಯೋಚಿಸಿ ಬೇರೆಯವರಿಂದ ಮಾಡಿಸಿ. ವಾಸನೆ ಕಡಿಮೆಯಾಗಲು ಒಣಗಿದ ಪುಸ್ತಕವನ್ನು ಮುಚ್ಚಳವಿರುವ ದೊಡ್ಡ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಬಟ್ಟಲೊಂದರಲ್ಲಿ ಅಡುಗೆ ಸೋಡಾ ತೆರೆದಿಡಬಹುದು. ಅದು ಪುಸ್ತಕಕ್ಕೆ ತಾಗದಿರಲಿ.

ಪ್ರಶ್ನೆ: ನಮ್ಮ ಹಳೆಯ ಮನೆಯ ಅಟ್ಟ ಸೋರಿ, ಪೆಟ್ಟಿಗೆಯಲ್ಲಿದ್ದ ಓಲೆಗರಿಯ ಕಟ್ಟು ಮತ್ತು ಕಪ್ಪು ಬಟ್ಟೆಯ ಲೆಕ್ಕದ ಕಡತ ಒದ್ದೆಯಾಗಿವೆ. ಓಲೆಯ ಅಕ್ಷರಗಳು ಮಾಸಿಹೋಗಿವೆ. — ಓದುಗರು, ತೀರ್ಥಹಳ್ಳಿ

ಉತ್ತರ: ಓಲೆಗರಿಯ ವಿಷಯದಲ್ಲಿ ಧೈರ್ಯವಾಗಿರಿ. ಅದರ ಅಕ್ಷರಗಳನ್ನು ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದು, ಮೇಲೆ ಮಸಿ ಸವರಿರುತ್ತಾರೆ. ನೀರಿಗೆ ಹೋದದ್ದು ಮಸಿ, ಕೊರೆದ ಗೆರೆ ಗರಿಯಲ್ಲಿಯೇ ಇದೆ. ಓರೆಯಾಗಿ ಬೆಳಕು ಬಿಟ್ಟು ನೋಡಿದರೆ ನಿಮಗೇ ಕಾಣುತ್ತದೆ. ಮತ್ತೆ ಮಸಿ ತುಂಬುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿ. ಗರಿಗಳ ಅನುಕ್ರಮ ತಿಳಿಯುವಂತೆ ಚಿತ್ರ ತೆಗೆದುಕೊಂಡು, ದಾರ ಸಡಿಲಿಸಿ, ತಾವಾಗಿ ಬಿಡುವ ಗರಿಗಳನ್ನು ಮಾತ್ರ ಬಿಡಿಸಿ, ಹೀರುಕಾಗದದ ನಡುವೆ ಹಗುರ ಭಾರದಲ್ಲಿ ನೆರಳಿನಲ್ಲಿ ಒಣಗಿಸಿ. ಅಂಟಿಕೊಂಡವನ್ನು ಚಾಕು ತೂರಿಸಿ ಎಬ್ಬಿಸಿದರೆ ಗರಿ ಸೀಳುತ್ತದೆ.

ಕಡತದ ಸ್ಥಿತಿ ನಾಜೂಕಾದದ್ದು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಬಳಪದಿಂದ ಬರೆದ ಬರಹ ಅದು. ಸ್ಲೇಟಿನಂತೆ ಅಳಿಸಿ ಮತ್ತೆ ಬರೆಯಲು ಅನುಕೂಲವಾಗಲೆಂದೇ ಹಾಗೆ ಮಾಡುತ್ತಿದ್ದರು, ಆ ಅನುಕೂಲವೇ ಈಗ ಅಪಾಯವಾಗಿದೆ. ನೆನೆದ ಸರಿ ಮೆತ್ತಗಾಗಿರುತ್ತದೆ, ಬೆರಳು ತಾಗಿದರೆ ಸಾಲೇ ಹೋಗುತ್ತದೆ. ಹೀರುಕಾಗದವನ್ನೂ ಒತ್ತಬೇಡಿ. ತಾನಾಗಿ ತೆರೆದುಕೊಂಡಿರುವ ಮಡಿಕೆಗಳ ಚಿತ್ರ ತೆಗೆದು, ಹಲಗೆಯ ಮೇಲೆ ಅಲುಗದಂತೆ ಇಟ್ಟು, ತಜ್ಞರನ್ನು ಕೇಳಿ. ಮೈಸೂರಿನಲ್ಲಿ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. 1891ರಲ್ಲಿ ಆರಂಭವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದವರಿಗೂ ಓಲೆಗರಿಗಳ ಆರೈಕೆಯಲ್ಲಿ ದೀರ್ಘ ಅನುಭವವಿದೆ.

ಪ್ರಶ್ನೆ: ಟ್ರಂಕಿನಲ್ಲಿದ್ದ ನೋಟುಗಳು ನೆನೆದು ಒಂದೇ ಗಟ್ಟಿಯಾಗಿವೆ. ಏನು ಮಾಡಬೇಕು? — ರೈತರು, ಜಮಖಂಡಿ

ಉತ್ತರ: ಬೆಂಕಿಯ ಬಳಿ ಹಿಡಿಯಬೇಡಿ, ಇಸ್ತ್ರಿ ಮಾಡಬೇಡಿ. ಸುಲಭವಾಗಿ ಬಿಡುವ ನೋಟುಗಳನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಿ. ಕೊಳೆಯಾದ ಮತ್ತು ಹರಿದ ನೋಟುಗಳನ್ನು ಬ್ಯಾಂಕ್ ಶಾಖೆಗಳು ರಿಸರ್ವ್ ಬ್ಯಾಂಕಿನ ನೋಟು ಮರುಪಾವತಿ ನಿಯಮಗಳಂತೆ ಬದಲಿಸಿಕೊಡುತ್ತವೆ, ಅದಕ್ಕೆ ನೀವು ಆ ಶಾಖೆಯ ಗ್ರಾಹಕರೇ ಆಗಿರಬೇಕಿಲ್ಲ. ಬಿಡಿಸಲಾಗದಂತೆ ಗಟ್ಟಿಯಾದ ಭಾಗವನ್ನು ಶಾಖೆಯಲ್ಲಿ ತೆಗೆದುಕೊಳ್ಳುವುದಿಲ್ಲ. ಅದನ್ನು ಇದ್ದಂತೆಯೇ ಡಬ್ಬಿಯಲ್ಲಿಟ್ಟು ರಿಸರ್ವ್ ಬ್ಯಾಂಕಿನ ನೋಟು ವಿಭಾಗಕ್ಕೆ ಒಪ್ಪಿಸಬೇಕು. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ಹೊರಡುವ ಮೊದಲು ನಿಮ್ಮ ಬ್ಯಾಂಕಿನ ವ್ಯವಸ್ಥಾಪಕರನ್ನು ಕಂಡು, ಯಾವ ಯಾವ ಕಾಗದ ಜೊತೆಗೆ ಒಯ್ಯಬೇಕೆಂದು ಕೇಳಿಕೊಳ್ಳಿ.